ಊರಿನ ಯುವ ಕೇಂದ್ರಕ್ಕೆ ಬೈಲಾ, ಒಳನಿಯಮ ಮತ್ತು ಗುಣಮಟ್ಟದ ಮಾನದಂಡ: ಮೊದಲ ಸಭೆಯಿಂದ ವರ್ಷದ ತಪಾಸಣೆಯವರೆಗೆ

ಯುವಕ ಮಂಡಲ, ಯುವತಿ ಮಂಡಲ ಕಟ್ಟಿದವರು ಎಡವುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಪಕ್ಕದೂರಿನ ಸಂಘದ ಬೈಲಾ (ಸಂಘ ನಡೆಸುವ ಬಗೆಯ ನಿಯಮಾವಳಿ) ತರುತ್ತಾರೆ, ಹೆಸರು ವಿಳಾಸ ಬದಲಿಸಿ ಟೈಪ್ ಮಾಡಿಸುತ್ತಾರೆ, ಏಳು ಜನ ಸಹಿ ಹಾಕುತ್ತಾರೆ. ನೋಂದಣಿಯೂ ಆಗುತ್ತದೆ. ಮುಂದೆ ಖಜಾಂಚಿ ಲೆಕ್ಕ ಕೊಡದೆ ಊರು ಬಿಟ್ಟಾಗ, ಇಲ್ಲವೇ ಕೇರಂ ಕೋಣೆಯಲ್ಲಿ ಒಂದು ಮಗುವಿಗೆ ಆಗಬಾರದ್ದು ಆದಾಗ ಆ ಬೈಲಾ ತೆರೆದರೆ ಅದರಲ್ಲಿ ಉತ್ತರ ಇರುವುದಿಲ್ಲ. ಅದನ್ನು ಬರೆದದ್ದು ಇನ್ಯಾವುದೋ ಊರಿನ ಭಜನಾ ಮಂಡಳಿಗೋ ಕಲಾ ಸಂಘಕ್ಕೋ ಆಗಿರುತ್ತದೆ.

ಈ ಮಾರ್ಗದರ್ಶಿ ಕರ್ನಾಟಕದ ಹಳ್ಳಿ, ಪಟ್ಟಣಗಳಲ್ಲಿ ಒಂದೆರಡು ಕೋಣೆ, ಒಂದು ಅಂಗಳ, ಸ್ವಲ್ಪ ಪುಸ್ತಕ, ಆಟದ ಸಾಮಾನು ಇಟ್ಟುಕೊಂಡು ಯುವ ಕೇಂದ್ರ ನಡೆಸುವವರಿಗೆ. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಕ್ರಮ ತಪ್ಪಿದರೆ ಮಾಡಿದ ಕೆಲಸವನ್ನೇ ಮತ್ತೆ ಮಾಡಬೇಕಾಗುತ್ತದೆ.

## ಕೈಯಲ್ಲಿ ಇರಬೇಕಾದವು

ನಡಾವಳಿ ಪುಸ್ತಕ, ಸದಸ್ಯರ ರಿಜಿಸ್ಟರ್, ಕ್ರಮಸಂಖ್ಯೆ ಮುದ್ರಿಸಿದ ರಸೀದಿ ಪುಸ್ತಕ, ನಗದು ಪುಸ್ತಕ, ವೋಚರ್ ಫೈಲು, ದಾಸ್ತಾನು ರಿಜಿಸ್ಟರ್, ದಿನದ ಹಾಜರಿ ಪುಸ್ತಕ. ಇವು ಎಲ್ಲ ಸಂಘಗಳಲ್ಲೂ ಇರುತ್ತವೆ. ಯುವ ಕೇಂದ್ರಕ್ಕೆ ಇನ್ನೂ ಎರಡು ಬೇಕು: ಗಾಯ, ಜಗಳ, ಕಳವು ಏನೇ ನಡೆದರೂ ಅದೇ ದಿನ ಬರೆದಿಡುವ ಘಟನೆಗಳ ಪುಸ್ತಕ, ಮತ್ತು ಬೀಗ ಇರುವ ದೂರು ಪೆಟ್ಟಿಗೆ. ನಡಾವಳಿ ಪುಸ್ತಕ ಪುಟಸಂಖ್ಯೆ ಇರುವ ಹೊಲಿದ ಪುಸ್ತಕವಾಗಿರಲಿ. ಬಿಡಿ ಹಾಳೆಗಳ ಫೈಲಿಗೆ ತಕರಾರಿನ ಹೊತ್ತಿನಲ್ಲಿ ಬೆಲೆ ಇರುವುದಿಲ್ಲ.

## ಹಂತ 1: ಬರೆಯುವ ಮುನ್ನ ಮೂರು ಪ್ರಶ್ನೆ

ಯಾರು ಬರುತ್ತಾರೆ? ಯಾವ ಹೊತ್ತಿನಲ್ಲಿ ಬರುತ್ತಾರೆ? ಬೀಗದ ಕೈ ಯಾರ ಬಳಿ ಇರುತ್ತದೆ? ಮೊದಲ ಸಭೆಯಲ್ಲಿ ಈ ಮೂರಕ್ಕೆ ಉತ್ತರ ಬರೆದುಕೊಳ್ಳಿ.

2014ರ ರಾಷ್ಟ್ರೀಯ ಯುವ ನೀತಿ 15ರಿಂದ 29 ವರ್ಷದವರನ್ನು ಯುವಜನ ಎನ್ನುತ್ತದೆ. ಆದರೆ ಊರಿನ ಕೇಂದ್ರದ ಬಾಗಿಲು ತೆರೆದರೆ ಮೊದಲು ಓಡಿ ಬರುವವರು ಐದನೇ, ಆರನೇ ತರಗತಿಯ ಮಕ್ಕಳು. ಅವರನ್ನು ಸೇರಿಸಿಕೊಳ್ಳುತ್ತೀರೋ ಇಲ್ಲವೋ ಎಂಬುದನ್ನು ಈಗಲೇ ನಿರ್ಧರಿಸಬೇಕು. 18 ತುಂಬದ ಒಬ್ಬರು ಬಂದರೂ ಮಕ್ಕಳ ರಕ್ಷಣೆಯ ಕಾನೂನು ನಿಮಗೆ ಅನ್ವಯಿಸುತ್ತದೆ, ಮತ್ತು ನಿಮ್ಮ ಕಾಗದಗಳು ಅದಕ್ಕೆ ತಕ್ಕಂತೆ ಇರಬೇಕಾಗುತ್ತದೆ.

ಯಾರು ಬರುವುದಿಲ್ಲ ಎಂಬುದನ್ನೂ ಬರೆದುಕೊಳ್ಳಿ. ಕೇಂದ್ರ ದೇವಸ್ಥಾನದ ಆವರಣದಲ್ಲಿದ್ದರೆ ಯಾವ ಕೇರಿಯ ಹುಡುಗರು ಒಳಗೆ ಕಾಲಿಡಲು ಹಿಂಜರಿಯುತ್ತಾರೆ? ದಾರಿಯಲ್ಲಿ ದೀಪ ಇಲ್ಲದಿದ್ದರೆ ಸಂಜೆ ಆರರ ಮೇಲೆ ಯಾವ ಹುಡುಗಿ ಬರುತ್ತಾಳೆ? ಈ ಹೊತ್ತಿನಲ್ಲಿ ಸಿಕ್ಕ ಉತ್ತರವೇ ಮುಂದೆ ನಿಮ್ಮ ಮಾನದಂಡಗಳ ಅರ್ಧ ಭಾಗವಾಗುತ್ತದೆ.

## ಹಂತ 2: ಮೂರು ಕಾಗದಗಳನ್ನು ಬೇರೆ ಮಾಡಿ

ಅತಿ ಹೆಚ್ಚು ಜನ ತಪ್ಪುವ ಹಂತ ಇದು. ಎಲ್ಲವನ್ನೂ ಬೈಲಾಕ್ಕೇ ತುರುಕುತ್ತಾರೆ: ತೆರೆಯುವ ಸಮಯ, ಕೇರಂ ಬೋರ್ಡಿನ ಬಾಡಿಗೆ, ಚಪ್ಪಲಿ ಬಿಡುವ ಜಾಗ. ನೋಂದಣಿಯಾದ ಬೈಲಾದ ಒಂದು ಸಾಲು ತಿದ್ದಬೇಕಾದರೂ ಮಹಾಸಭೆ ಕರೆಯಬೇಕು, ಠರಾವು ಮಾಡಬೇಕು, ನೋಂದಣಾಧಿಕಾರಿಗೆ ಸಲ್ಲಿಸಿ ಒಪ್ಪಿಗೆ ಪಡೆಯಬೇಕು. ಬೇಸಿಗೆ ರಜೆಯಲ್ಲಿ ಒಂದು ಗಂಟೆ ಬೇಗ ತೆರೆಯಲು ಇಷ್ಟು ಓಡಾಟ ಯಾರೂ ಮಾಡುವುದಿಲ್ಲ. ಬೈಲಾ ಒಂದು ಕಡೆ, ನಡೆಯುವುದು ಇನ್ನೊಂದು ಕಡೆ ಎಂಬಂತಾಗುತ್ತದೆ.

ಬೈಲಾ: ಅಧಿಕಾರ ಮತ್ತು ಹಣಕ್ಕೆ ಸಂಬಂಧಿಸಿದ್ದು ಮಾತ್ರ. ಸದಸ್ಯತ್ವ, ಚುನಾವಣೆ, ಸಭೆ, ಕೋರಂ (ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ), ಬ್ಯಾಂಕ್ ಸಹಿ, ಲೆಕ್ಕಪರಿಶೋಧನೆ, ವಿಸರ್ಜನೆ.

ಒಳನಿಯಮ: ಕೇಂದ್ರದೊಳಗಿನ ನಡವಳಿಕೆ. ಕಾರ್ಯಕಾರಿ ಸಮಿತಿಯ ಠರಾವಿನಿಂದ ಬದಲಿಸಬಹುದಾದದ್ದು. ಇದಕ್ಕೆ ಬಲ ಬರಬೇಕಾದರೆ ಬೈಲಾದಲ್ಲಿ ಒಂದು ಸಾಲು ಇರಲೇಬೇಕು: "ಕೇಂದ್ರದ ಬಳಕೆಯ ಬಗ್ಗೆ ಈ ಬೈಲಾಕ್ಕೆ ವಿರುದ್ಧವಲ್ಲದ ಒಳನಿಯಮಗಳನ್ನು ಕಾರ್ಯಕಾರಿ ಸಮಿತಿ ಮಾಡಬಹುದು, ಅವುಗಳನ್ನು ಮುಂದಿನ ಮಹಾಸಭೆಯ ಮುಂದೆ ಇಡತಕ್ಕದ್ದು."

ಗುಣಮಟ್ಟದ ಮಾನದಂಡ: ಪ್ರತಿ ವರ್ಷ ಅಳೆದು ನೋಡುವ ಪಟ್ಟಿ. ಇದು ಯಾರನ್ನೂ ಶಿಕ್ಷಿಸುವುದಕ್ಕಲ್ಲ; ಕೇಂದ್ರ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದಕ್ಕೆ.

ಯಾವ ಸಾಲು ಎಲ್ಲಿಗೆ ಎಂಬ ಅನುಮಾನ ಬಂದರೆ, ಇದನ್ನು ವರ್ಷದೊಳಗೆ ಬದಲಿಸಬೇಕಾಗಬಹುದೇ ಎಂದು ಕೇಳಿಕೊಳ್ಳಿ. ಹೌದಾದರೆ ಅದು ಬೈಲಾಕ್ಕೆ ಬೇಡ.

## ಹಂತ 3: ಜಾಗದ ಅನುಮತಿ ಬರಹದಲ್ಲಿ

ನೋಂದಣಿಗೆ ವಿಳಾಸದ ಪುರಾವೆ ಬೇಕು. ಹಾಗಾಗಿ ಇದು ಅರ್ಜಿಗಿಂತ ಮೊದಲು ಮುಗಿಯಬೇಕು.

ಕಟ್ಟಡ ಗ್ರಾಮ ಪಂಚಾಯಿತಿಯದ್ದಾದರೆ ಅಧ್ಯಕ್ಷರ ಬಾಯಿಮಾತು ಸಾಲದು. ಪಂಚಾಯಿತಿ ಸಭೆಯ ಠರಾವಿನ ಪ್ರತಿ ಮತ್ತು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಸಹಿಯ ಅನುಮತಿ ಪತ್ರ ಎರಡನ್ನೂ ಪಡೆಯಿರಿ. ಪತ್ರದಲ್ಲಿ ಅವಧಿ, ಕರೆಂಟ್ ಬಿಲ್ ಯಾರದ್ದು, ದುರಸ್ತಿ ಯಾರದ್ದು, ಪಂಚಾಯಿತಿಗೆ ಕಟ್ಟಡ ಬೇಕಾದಾಗ ಎಷ್ಟು ದಿನ ಮುಂಚೆ ತಿಳಿಸಬೇಕು ಎಂಬ ನಾಲ್ಕು ವಿಷಯ ಇರಲಿ. ಶಾಲೆಯ ಕೋಣೆಯಾದರೆ ಮುಖ್ಯ ಶಿಕ್ಷಕರ ಮೂಲಕ ಇಲಾಖೆಯ ಲಿಖಿತ ಅನುಮತಿ ಪಡೆಯಿರಿ. ಖಾಸಗಿ ಜಾಗವಾದರೆ ಬಾಡಿಗೆ ಕರಾರು ಮಾಡಿಕೊಳ್ಳಿ. ಒಂದು ವರ್ಷ ಮೀರಿದ ಗುತ್ತಿಗೆ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗಬೇಕು.

ಎಚ್ಚರಿಕೆಯ ಸೂಚನೆ: "ಪತ್ರ ಯಾಕೆ, ನಾವೇ ಇದ್ದೀವಲ್ಲ" ಎಂದು ಯಾರಾದರೂ ಹೇಳಿದರೆ ಅಲ್ಲೇ ನಿಲ್ಲಿ. ಪಂಚಾಯಿತಿ ಚುನಾವಣೆ ಕಳೆದು ಬೇರೆಯವರು ಬಂದ ಮರುವಾರವೇ ಬೀಗ ಬಿದ್ದ ಕೇಂದ್ರಗಳಿವೆ.

## ಹಂತ 4: ಜ್ಞಾಪನಾ ಪತ್ರ ಮತ್ತು ಬೈಲಾ

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರಡಿ ಕನಿಷ್ಠ ಏಳು ಜನ ವಯಸ್ಕರು ಸೇರಿ ಸಂಘ ನೋಂದಾಯಿಸಬಹುದು. ಎರಡು ದಸ್ತಾವೇಜು ಬೇಕು. ಜ್ಞಾಪನಾ ಪತ್ರದಲ್ಲಿ ಹೆಸರು, ಉದ್ದೇಶ, ಮೊದಲ ಸಮಿತಿಯವರ ವಿವರ ಇರುತ್ತದೆ. ಬೈಲಾದಲ್ಲಿ ನಡೆಸುವ ಬಗೆ ಇರುತ್ತದೆ.

ಹೆಸರು ಆರಿಸುವಾಗ ಸರ್ಕಾರದ ಸಂಸ್ಥೆ ಎಂಬ ಭಾವನೆ ಬರುವ ಪದ ಬೇಡ. ಲಾಂಛನಗಳು ಮತ್ತು ಹೆಸರುಗಳ ದುರುಪಯೋಗ ತಡೆ ಕಾಯ್ದೆ, 1950 ಇಂಥವನ್ನು ನಿರ್ಬಂಧಿಸುತ್ತದೆ. ಎರಡು ಮೂರು ಹೆಸರು ಸಿದ್ಧವಿಟ್ಟುಕೊಳ್ಳಿ. ಮೊದಲನೆಯದು ಬೇರೆಯವರ ಬಳಿ ಇರುವ ಸಾಧ್ಯತೆ ಹೆಚ್ಚು.

ಉದ್ದೇಶಗಳನ್ನು ಮೂವತ್ತು ಬರೆಯಬೇಡಿ. ಗ್ರಂಥಾಲಯ, ಆಟ, ಕೌಶಲ ತರಬೇತಿ, ಆರೋಗ್ಯ ಮಾಹಿತಿ, ಸಾಂಸ್ಕೃತಿಕ ಚಟುವಟಿಕೆ ಹೀಗೆ ನಿಜವಾಗಿ ಮಾಡುವ ಆರೇಳು ಸಾಕು. ಲಾಭ ಹಂಚಿಕೆ ಇಲ್ಲ ಎಂಬ ಸಾಲು ಸ್ಪಷ್ಟವಾಗಿರಲಿ.

ಬೈಲಾದಲ್ಲಿ ನಿಧಾನವಾಗಿ ಕೂತು ಬರೆಯಬೇಕಾದ ಕಲಮುಗಳು ಐದು.

*ಸದಸ್ಯತ್ವ.* "ಅಧ್ಯಕ್ಷರ ವಿವೇಚನೆಗೆ ಒಳಪಟ್ಟು" ಎಂಬ ಮಾತನ್ನು ತೆಗೆದುಹಾಕಿ. ಯಾವುದೋ ಒಂದು ಕೇರಿಯವರನ್ನು ಹೊರಗಿಡಬೇಕು ಎಂದುಕೊಂಡವರಿಗೆ ಆ ಸಾಲೇ ಸಾಕಾಗುತ್ತದೆ. ಬದಲಿಗೆ ಹೀಗೆ ಬರೆಯಿರಿ: "ಅರ್ಜಿ ತಿರಸ್ಕರಿಸಿದರೆ 15 ದಿನದೊಳಗೆ ಲಿಖಿತ ಕಾರಣ ಕೊಡತಕ್ಕದ್ದು, ಅರ್ಜಿದಾರರು ಮಹಾಸಭೆಗೆ ಮೇಲ್ಮನವಿ ಸಲ್ಲಿಸಬಹುದು. ಜಾತಿ, ಧರ್ಮ, ಲಿಂಗ, ಅಂಗವೈಕಲ್ಯದ ಕಾರಣಕ್ಕೆ ಯಾರಿಗೂ ಸದಸ್ಯತ್ವವಾಗಲಿ ಪ್ರವೇಶವಾಗಲಿ ನಿರಾಕರಿಸುವಂತಿಲ್ಲ." 18 ತುಂಬದವರನ್ನು ಮತ ಇಲ್ಲದ "ಕಿರಿಯ ಬಳಕೆದಾರರು" ಎಂದು ಬೇರೆ ವರ್ಗ ಮಾಡಿ. ಆದರೆ ಅವರಲ್ಲಿ ಇಬ್ಬರು, ಒಬ್ಬ ಹುಡುಗಿ ಒಬ್ಬ ಹುಡುಗ, ಸಮಿತಿ ಸಭೆಗೆ ಬಂದು ಮಾತಾಡುವ ಹಕ್ಕನ್ನು ಬರೆದಿಡಿ.

*ಸಮಿತಿ.* ಒಂದೇ ಮನೆಯ ಇಬ್ಬರು ಪದಾಧಿಕಾರಿಗಳಾಗಬಾರದು, ಸತತ ಎರಡು ಅವಧಿ ಮೀರಬಾರದು, ಮೂರನೇ ಒಂದು ಭಾಗ ಮಹಿಳೆಯರಿರಬೇಕು. ಇವು ಕಾಯ್ದೆಯ ಷರತ್ತುಗಳಲ್ಲ, ನೀವು ನಿಮಗೆ ಹಾಕಿಕೊಳ್ಳುವ ಕಟ್ಟು. ನನ್ನ ದೃಷ್ಟಿಯಲ್ಲಿ ಇವು ಮೂರೂ ಇಲ್ಲದ ಯುವ ಕೇಂದ್ರ ಕೆಲವೇ ವರ್ಷಗಳಲ್ಲಿ ಒಬ್ಬರ ಮನೆಯ ಆಸ್ತಿಯಂತಾಗುತ್ತದೆ.

*ಕೋರಂ.* ಒಟ್ಟು ಸದಸ್ಯರ ಅರ್ಧದಷ್ಟು ಎಂದು ದೊಡ್ಡ ಮನಸ್ಸಿನಿಂದ ಬರೆದು, ಕೆಲಸಕ್ಕೆಂದು ಯುವಕರೆಲ್ಲ ಬೆಂಗಳೂರು ಸೇರಿದ ಮೇಲೆ ಒಂದು ಸಭೆಯೂ ನಡೆಯದ ಸ್ಥಿತಿ ತಂದುಕೊಳ್ಳಬೇಡಿ. ಊರಲ್ಲಿ ಇರುವವರ ಲೆಕ್ಕ ಹಿಡಿದು ಸಂಖ್ಯೆ ನಿಗದಿಪಡಿಸಿ. ಕೋರಂ ಇಲ್ಲದೆ ಮುಂದೂಡಿದ ಸಭೆಗೆ ಏನು ನಿಯಮ ಎಂಬುದನ್ನೂ ಬರೆಯಿರಿ.

*ಹಣ.* ಬ್ಯಾಂಕ್ ವ್ಯವಹಾರಕ್ಕೆ ಇಬ್ಬರ ಜಂಟಿ ಸಹಿ, ಅದರಲ್ಲಿ ಖಜಾಂಚಿಯದ್ದು ಕಡ್ಡಾಯ. ಖಜಾಂಚಿಯ ಕೈಯಲ್ಲಿ ಇರಬಹುದಾದ ನಗದಿಗೆ ಮಿತಿ. ಸಂಘದ ಹಣ ಯಾರ ವೈಯಕ್ತಿಕ ಖಾತೆಗೂ, ಯಾರ ಫೋನ್‌ಪೇ ಸಂಖ್ಯೆಗೂ ಬರಬಾರದು. ಗಣೇಶೋತ್ಸವದ ಚಂದಾ ಎತ್ತುವಾಗ ಈಗ ಆಗುತ್ತಿರುವುದೇ ಅದು, ಮತ್ತು ಅರ್ಧದಷ್ಟು ಜಗಳ ಹುಟ್ಟುವುದೂ ಅಲ್ಲಿಯೇ.

*ವಿಸರ್ಜನೆ.* ಸಂಘ ಮುಚ್ಚಿದರೆ ಸಾಲ ತೀರಿಸಿ ಉಳಿದ ಆಸ್ತಿ ಇಂಥದ್ದೇ ಉದ್ದೇಶದ ಬೇರೆ ಸಂಘಕ್ಕೆ ಹೋಗಬೇಕು, ಸದಸ್ಯರಿಗೆ ಹಂಚಿಕೆಯಾಗಬಾರದು. ಪುಸ್ತಕ ಮತ್ತು ಆಟದ ಸಾಮಾನು ಯಾವ ಶಾಲೆಗೆ ಎಂದು ಹೆಸರಿಸಿದರೆ ಇನ್ನೂ ಒಳ್ಳೆಯದು.

## ಹಂತ 5: ನೋಂದಣಿ, ಪಾನ್, ಬ್ಯಾಂಕ್

ಅರ್ಜಿ ಹೋಗುವುದು ಸಹಕಾರ ಇಲಾಖೆಯಡಿಯ ಜಿಲ್ಲಾ ಸಂಘಗಳ ನೋಂದಣಾಧಿಕಾರಿಗೆ. ಸಂಘ ಸ್ಥಾಪಿಸುವವರ ಗುರುತಿನ ಚೀಟಿಯಲ್ಲಿ ಇರುವ ಹೆಸರು, ಬೈಲಾದಲ್ಲಿ ಬರೆದ ಹೆಸರು ಅಕ್ಷರಶಃ ಒಂದೇ ಇರಲಿ. ಆಧಾರ್‌ನಲ್ಲಿ "ಮಂಜುನಾಥ ಬಿ." ಇದ್ದು ಬೈಲಾದಲ್ಲಿ "ಬಿ. ಮಂಜುನಾಥಪ್ಪ" ಎಂದಿದ್ದರೆ ಕಡತ ವಾಪಸು ಬರಲು ಅಷ್ಟೇ ಸಾಕು.

ಪ್ರಮಾಣಪತ್ರ ಬಂದ ಮೇಲೆ ಸಂಘದ ಹೆಸರಲ್ಲಿ ಪಾನ್, ಆಮೇಲೆ ಬ್ಯಾಂಕ್ ಖಾತೆ. ಖಾತೆ ತೆರೆಯುವ ಠರಾವಿನಲ್ಲಿ ಯಾರ ಸಹಿ ಎಂಬುದು ಬೈಲಾದಲ್ಲಿ ಇರುವಂತೆಯೇ ಇರಲಿ. ಇದಾದ ಮೇಲೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಕಚೇರಿ ಮತ್ತು ಮೇರಾ ಯುವ ಭಾರತ್ (ಹಿಂದಿನ ನೆಹರು ಯುವ ಕೇಂದ್ರ) ಕಚೇರಿಯಲ್ಲಿ ಹೆಸರು ದಾಖಲಿಸಿ.

## ಹಂತ 6: ಮಕ್ಕಳ ರಕ್ಷಣಾ ನೀತಿ

ಇದನ್ನು ಒಳನಿಯಮದ ಒಂದು ಪ್ಯಾರಾ ಮಾಡಿ ಮುಗಿಸಬೇಡಿ. ಬೇರೆ ದಸ್ತಾವೇಜಾಗಿಯೇ ಇರಲಿ, ಕೇಂದ್ರ ತೆರೆಯುವ ಮೊದಲ ದಿನಕ್ಕೇ ಜಾರಿಯಲ್ಲಿರಲಿ.

2012ರ ಪೋಕ್ಸೋ ಕಾಯ್ದೆಯಡಿ (ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ) 18ಕ್ಕಿಂತ ಕಡಿಮೆ ವಯಸ್ಸಿನ ಪ್ರತಿಯೊಬ್ಬರೂ ಮಗುವೇ. 2020ರ ಪೋಕ್ಸೋ ನಿಯಮಗಳು ಶಾಲೆ, ಶಿಶುವಿಹಾರ, ಕ್ರೀಡಾ ಅಕಾಡೆಮಿ ಮಾತ್ರವಲ್ಲ, ಮಕ್ಕಳೊಂದಿಗೆ ನಿರಂತರ ಸಂಪರ್ಕ ಇರುವ ಯಾವುದೇ ಸಂಸ್ಥೆ ತನ್ನ ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನು ಕಾಲಕಾಲಕ್ಕೆ ಮಾಡಿಸಬೇಕು ಎನ್ನುತ್ತವೆ. ಊರಿನವನೇ, ಗೊತ್ತಿರುವವನೇ ಎಂಬ ಕಾರಣಕ್ಕೆ ಇದನ್ನು ಬಿಡುವುದು ದೊಡ್ಡ ತಪ್ಪು. ಕಬಡ್ಡಿ ಕೋಚ್, ಟ್ಯೂಷನ್ ಹೇಳಿಕೊಡುವ ಸ್ವಯಂಸೇವಕ, ಬೀಗ ತೆಗೆಯುವವರು ಎಲ್ಲರಿಗೂ ಒಂದೇ ನಿಯಮ ಇರಲಿ. ಪರಿಶೀಲನಾ ಪ್ರಮಾಣಪತ್ರಕ್ಕೆ ರಾಜ್ಯ ಸರ್ಕಾರದ ಆನ್‌ಲೈನ್ ಸೇವಾ ತಾಣ ಸೇವಾ ಸಿಂಧು ಮೂಲಕ ಅರ್ಜಿ ಹಾಕಬಹುದು.

ನೀತಿಯಲ್ಲಿ ಇರಬೇಕಾದ ಸಾಲುಗಳು:

1. ಮಗುವಿನೊಂದಿಗೆ ಯಾವ ವಯಸ್ಕರೂ ಮುಚ್ಚಿದ ಕೋಣೆಯಲ್ಲಿ ಒಂಟಿಯಾಗಿ ಇರಬಾರದು. ಮಕ್ಕಳ ಸಮಯದಲ್ಲಿ ಕನಿಷ್ಠ ಇಬ್ಬರು ವಯಸ್ಕರು ಇರಬೇಕು.
2. ಹೊಡೆತ, ಬಸ್ಕಿ, ಅವಮಾನದ ಮಾತು ಯಾವುದೂ ಶಿಸ್ತಿನ ಹೆಸರಿನಲ್ಲಿ ಇಲ್ಲ.
3. ಪ್ರವಾಸ, ಪಂದ್ಯಕ್ಕೆ ಹೊರಗೂರಿಗೆ ಹೋಗುವಾಗ ಪೋಷಕರ ಲಿಖಿತ ಒಪ್ಪಿಗೆ. ಹುಡುಗಿಯರ ತಂಡದ ಜೊತೆ ಮಹಿಳೆಯೊಬ್ಬರು.
4. ಮಕ್ಕಳ ಫೋಟೊ, ಫೋನ್ ಸಂಖ್ಯೆ ವಾಟ್ಸಾಪ್ ಗುಂಪಿಗೆ ಹೋಗುವ ಮುನ್ನ ಪೋಷಕರ ಒಪ್ಪಿಗೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುವುದೂ ಇದನ್ನೇ.
5. ದೂರು ಕೇಳಲು ಹೆಸರಿಸಿದ ಇಬ್ಬರು, ಅವರಲ್ಲಿ ಒಬ್ಬರು ಮಹಿಳೆ. ಇಬ್ಬರಲ್ಲಿ ಯಾರೊಬ್ಬರೂ ಅಧ್ಯಕ್ಷರ ಬಂಧುಗಳಾಗಿರಬಾರದು.

ದೂರು ಬಂದಾಗ ಆಗುವ ತಪ್ಪು ಬಹುತೇಕ ಎಲ್ಲ ಕಡೆ ಒಂದೇ. ಸಮಿತಿಯವರು ಮೊದಲು ತಾವೇ ವಿಚಾರಣೆ ಮಾಡುತ್ತಾರೆ, ಹಿರಿಯರನ್ನು ಕೂರಿಸಿ ರಾಜಿ ಮಾಡಿಸುತ್ತಾರೆ, "ಹುಡುಗಿಯ ಭವಿಷ್ಯ" ಎಂದು ಬಾಯಿ ಮುಚ್ಚಿಸುತ್ತಾರೆ. ಲೈಂಗಿಕ ಅಪರಾಧದ ವಿಷಯದಲ್ಲಿ ಹೀಗೆ ಮಾಡುವಂತಿಲ್ಲ. ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ಅಪರಾಧ ನಡೆದಿದೆ ಎಂದು ತಿಳಿದವರು, ನಡೆಯಬಹುದೆಂಬ ಆತಂಕ ಇರುವವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಂ ಅಡಿ ಆರು ತಿಂಗಳವರೆಗೆ ಜೈಲು; ಸಂಸ್ಥೆಯ ಉಸ್ತುವಾರಿ ಹೊತ್ತವರು ತಮ್ಮ ಕೈಕೆಳಗಿನವರ ಅಪರಾಧ ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಸಾಕ್ಷ್ಯ ಕಲೆಹಾಕುವುದು ನಿಮ್ಮ ಕೆಲಸವಲ್ಲ. ಮಗು ಹೇಳಿದ್ದನ್ನು ಅದರ ಮಾತಿನಲ್ಲೇ ಬರೆದುಕೊಳ್ಳಿ, ಮತ್ತೆ ಮತ್ತೆ ಕೇಳಬೇಡಿ, ಹೆಸರು ಹೊರಗೆ ಹೋಗದಂತೆ ನೋಡಿಕೊಳ್ಳಿ. ಮಕ್ಕಳ ಸಹಾಯವಾಣಿ 1098 ಮತ್ತು ತುರ್ತು ಸಂಖ್ಯೆ 112 ಮಕ್ಕಳ ಕಣ್ಣಿನ ಎತ್ತರದಲ್ಲಿ ಗೋಡೆಯ ಮೇಲೆ ಇರಲಿ.

ವಯಸ್ಕ ಮಹಿಳೆಯರ ವಿಷಯದಲ್ಲಿ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಇದೆ. ಅದರಲ್ಲಿ ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರೂ ಉದ್ಯೋಗಿಗಳ ಲೆಕ್ಕಕ್ಕೆ ಬರುತ್ತಾರೆ. ಉದ್ಯೋಗಿಗಳು, ಸ್ವಯಂಸೇವಕರು ಸೇರಿ ಹತ್ತು ಅಥವಾ ಹೆಚ್ಚು ಜನ ಇದ್ದರೆ ಆಂತರಿಕ ಸಮಿತಿ ರಚಿಸಬೇಕು. ಕಡಿಮೆ ಇದ್ದರೆ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ. ಆ ವಿಳಾಸ ಸೂಚನಾ ಫಲಕದಲ್ಲಿ ಇರಬೇಕು.

## ಹಂತ 7: ಒಳನಿಯಮ

ಒಂದು ಪುಟ ಮೀರದಿರಲಿ. ಗೋಡೆಗೆ ಅಂಟಿಸಿದರೆ ನಿಂತು ಓದುವಷ್ಟಿರಲಿ. ಸಮಯ, ಸಾಮಾನು ಪಡೆಯುವ ಹಿಂದಿರುಗಿಸುವ ಕ್ರಮ, ಸ್ವಚ್ಛತೆಯ ಪಾಳಿ, ತಪ್ಪಾದರೆ ಕ್ರಮ ಏನು ಎಂಬುದು ಮುಖ್ಯ.

ಹಣ ಕಟ್ಟಿ ಯಾವ ಆಟವನ್ನೂ ಆಡುವಂತಿಲ್ಲ ಎಂಬ ಸಾಲು ಇರಲೇಬೇಕು. ಹತ್ತು ರೂಪಾಯಿಯ ಕೇರಂ ಪಂದ್ಯದಿಂದ ಶುರುವಾಗಿ ಇಸ್ಪೀಟಿಗೆ ಬಂದು ನಿಂತರೆ, ಪೊಲೀಸ್ ದಾಳಿಯ ದಿನ ಸಂಘದ ಪದಾಧಿಕಾರಿಗಳೇ ಉತ್ತರ ಹೇಳಬೇಕು. ಧೂಮಪಾನ, ಗುಟ್ಕಾ, ಮದ್ಯ ಆವರಣದೊಳಗೆ ಇಲ್ಲ. ಧ್ವನಿವರ್ಧಕ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಇಲ್ಲ. 2000ದ ಶಬ್ದಮಾಲಿನ್ಯ ನಿಯಮಗಳಲ್ಲೇ ಈ ನಿರ್ಬಂಧ ಇದೆ. ಯಾವ ಪಕ್ಷದ ಸಭೆಗೂ, ಬ್ಯಾನರಿಗೂ ಕೇಂದ್ರ ಇಲ್ಲ. ಚುನಾವಣೆಯ ಹೊತ್ತಿನಲ್ಲಿ ಪಂಚಾಯಿತಿ ಕಟ್ಟಡದಲ್ಲಿರುವ ಕೇಂದ್ರಗಳು ಇದರಲ್ಲಿ ಇನ್ನಷ್ಟು ಬಿಗಿಯಾಗಿರಬೇಕು.

ಶಿಸ್ತಿನ ಕ್ರಮಕ್ಕೆ ಮೆಟ್ಟಿಲು ಇರಲಿ: ಮೊದಲು ಮಾತಿನ ಎಚ್ಚರಿಕೆ, ಆಮೇಲೆ ಲಿಖಿತ ಎಚ್ಚರಿಕೆ, ಕೊನೆಗೆ ನಿಗದಿತ ದಿನಗಳ ತಡೆ. "ಶಾಶ್ವತವಾಗಿ ನಿಷೇಧ" ಎಂಬುದು ಸಮಿತಿಯ ಕೈಯಲ್ಲಿ ಬೇಡ.

## ಹಂತ 8: ಅಳೆಯಬಲ್ಲ ಮಾನದಂಡ

"ಉತ್ತಮ ವಾತಾವರಣ", "ಗುಣಮಟ್ಟದ ಸೇವೆ" ಎಂದು ಬರೆದರೆ ಅದು ಮಾನದಂಡವಲ್ಲ. ಹೊರಗಿನ ಒಬ್ಬರು ಬಂದು ನೋಡಿ ಇದೆ, ಇಲ್ಲ ಎಂದು ಹೇಳುವಂತಿರಬೇಕು. ಉದಾಹರಣೆಗೆ:

- ಹುಡುಗಿಯರಿಗೆ ಬೇರೆ ಶೌಚಾಲಯ ಇದೆ, ಒಳಗಿನ ಚಿಲಕ ಸರಿಯಿದೆ, ನೀರು ಬರುತ್ತದೆ, ಮುಚ್ಚಳವಿರುವ ಕಸದ ಡಬ್ಬಿ ಇದೆ.
- ಮುಖ್ಯ ಬಾಗಿಲಿಗೆ ರ‍್ಯಾಂಪ್ ಇದೆ, ಇಳಿಜಾರು 1:12ಕ್ಕಿಂತ (ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ) ಕಡಿದಲ್ಲ.
- ವಿದ್ಯುತ್ ಬೋರ್ಡಿನಲ್ಲಿ ಕರೆಂಟ್ ಸೋರಿದರೆ ತಕ್ಷಣ ಕಡಿತ ಮಾಡುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇದೆ, ಅದರ ಟೆಸ್ಟ್ ಗುಂಡಿ ಈ ತಿಂಗಳು ಒತ್ತಿ ನೋಡಲಾಗಿದೆ.
- ಅಗ್ನಿಶಾಮಕ ಸಿಲಿಂಡರಿನ ಅವಧಿ ಮುಗಿದಿಲ್ಲ. ಪ್ರಥಮ ಚಿಕಿತ್ಸಾ ಪೆಟ್ಟಿಗೆಯಲ್ಲಿ ಔಷಧ ಇದೆ.
- ಗರಡಿ ಅಥವಾ ಜಿಮ್ ಇದ್ದರೆ ಕಲಿಸುವವರಿಲ್ಲದೆ ಕೋಣೆ ತೆರೆಯುವುದಿಲ್ಲ.
- ವಾರಕ್ಕೆ ಘೋಷಿಸಿದ ಗಂಟೆಗಳಲ್ಲಿ ಕೇಂದ್ರ ತೆರೆದಿತ್ತು. ಹಾಜರಿ ಪುಸ್ತಕವೇ ಇದಕ್ಕೆ ಸಾಕ್ಷಿ.
- ಹಾಜರಿಯಲ್ಲಿ ಹುಡುಗಿಯರ ಪಾಲು ಎಷ್ಟು, ಊರಿನ ಪ್ರತಿ ಕೇರಿಯಿಂದ ಎಷ್ಟು ಜನ ಬಂದರು ಎಂದು ವರ್ಷಕ್ಕೊಮ್ಮೆ ಲೆಕ್ಕ ಹಾಕಲಾಗಿದೆ.

ಕೊನೆಯದ್ದೇ ಎಲ್ಲಕ್ಕಿಂತ ಮುಖ್ಯ, ಮತ್ತು ಬಹುತೇಕರು ಬಿಟ್ಟುಬಿಡುವುದೂ ಅದನ್ನೇ. ಕಟ್ಟಡ ಚೆನ್ನಾಗಿದ್ದು ಒಂದೇ ಕೇರಿಯ ಹುಡುಗರು ಮಾತ್ರ ಬರುತ್ತಿದ್ದರೆ ಅದು ಊರಿನ ಕೇಂದ್ರವಲ್ಲ. ಸಂಖ್ಯೆ ಕಡಿಮೆ ಬಂದ ಕೇರಿಗೆ ಸಮಿತಿಯವರೇ ಹೋಗಿ ಕಾರಣ ಕೇಳಬೇಕು. ಕೇಳಿದ್ದನ್ನು ನಡಾವಳಿಯಲ್ಲಿ ಬರೆಯಬೇಕು. "ಕರೆದರೂ ಬರಲ್ಲ" ಎಂಬುದನ್ನು ಉತ್ತರ ಎಂದು ಒಪ್ಪಿಕೊಳ್ಳಬೇಡಿ.

ಮೊದಲ ವರ್ಷ ಹದಿನೈದಕ್ಕಿಂತ ಹೆಚ್ಚು ಮಾನದಂಡ ಬೇಡ. ತಪಾಸಣೆಗೆ ಸಮಿತಿಯಲ್ಲಿ ಇಲ್ಲದ ಮೂವರನ್ನು ಕರೆಯಿರಿ: ಒಬ್ಬ ಶಿಕ್ಷಕಿ ಅಥವಾ ಆಶಾ ಕಾರ್ಯಕರ್ತೆ, ಒಬ್ಬ ಪೋಷಕರು, ಒಬ್ಬ ಕಿರಿಯ ಬಳಕೆದಾರ.

ಎಚ್ಚರಿಕೆಯ ಸೂಚನೆಗಳು: ಹಾಜರಿ ಪುಸ್ತಕದಲ್ಲಿ ಇಡೀ ವಾರದ ಸಹಿ ಒಂದೇ ಶಾಯಿಯಲ್ಲಿ ಇರುವುದು, ಘಟನೆಗಳ ಪುಸ್ತಕ ಇಡೀ ವರ್ಷ ಖಾಲಿ ಇರುವುದು, ಹುಡುಗಿಯರು ಗುಂಪಾಗಿ ಬರುವುದನ್ನು ಒಮ್ಮೆಲೇ ನಿಲ್ಲಿಸುವುದು. ಮೂರನೆಯದ್ದು ಕಂಡರೆ ಅಂದೇ ಕಾರಣ ತಿಳಿದುಕೊಳ್ಳಿ.

## ಹಂತ 9: ದೇಣಿಗೆ, ಅದರಲ್ಲೂ ವಿದೇಶದಿಂದ ಬರುವುದು

ಊರಿನವರು ಅಮೆರಿಕದಲ್ಲೋ ದುಬೈನಲ್ಲೋ ಇದ್ದು ಕೇಂದ್ರಕ್ಕೆ ಹಣ ಕಳಿಸಲು ಮುಂದೆ ಬರುತ್ತಾರೆ. ಇಲ್ಲಿ ವ್ಯತ್ಯಾಸ ಗೊತ್ತಿರಬೇಕು. ಭಾರತದ ಪೌರತ್ವ ಇಟ್ಟುಕೊಂಡಿರುವ ಅನಿವಾಸಿ ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟ ಹಣ ವಿದೇಶಿ ಮೂಲದ್ದಲ್ಲ. ಪೌರತ್ವ ಬದಲಿಸಿದವರು ಒಸಿಐ ಕಾರ್ಡ್ (ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವ ಕಾರ್ಡ್) ಹೊಂದಿದ್ದರೂ, ಇದೇ ಊರಲ್ಲಿ ಹುಟ್ಟಿದವರಾದರೂ, ಅವರ ಹಣ ವಿದೇಶಿ ಕೊಡುಗೆಯೇ. ಹಾಗೆಯೇ ಅಲ್ಲಿನ ಕನ್ನಡ ಕೂಟದ ಖಾತೆಯಿಂದ ಬರುವ ಹಣವೂ. 2010ರ ವಿದೇಶಿ ಕೊಡುಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಅದನ್ನು ಪಡೆಯುವಂತಿಲ್ಲ. ಅನುಮತಿ ಸಿಕ್ಕ ಮೇಲೂ ಹಣ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ನಿಗದಿತ ಖಾತೆಗೇ ಬರಬೇಕು. ಸದಸ್ಯರೊಬ್ಬರ ಸ್ವಂತ ಖಾತೆಗೆ ತರಿಸಿ ಸಂಘಕ್ಕೆ ಕೊಡುವ ಅಡ್ಡದಾರಿಯನ್ನು ಯಾರೇ ಸೂಚಿಸಿದರೂ ಒಪ್ಪಬೇಡಿ. ದಾನಿಯ ಪಾಸ್‌ಪೋರ್ಟ್ ಯಾವ ದೇಶದ್ದು ಎಂಬ ಲಿಖಿತ ಘೋಷಣೆ ಪಡೆದೇ ರಸೀದಿ ಹರಿಯಿರಿ.

## ಹಂತ 10: ವರ್ಷದ ಸುತ್ತು

ಮಾರ್ಚ್ 31ಕ್ಕೆ ಲೆಕ್ಕ ಮುಚ್ಚಿ, ಲೆಕ್ಕಪರಿಶೋಧನೆ ಮಾಡಿಸಿ, ಮಾನದಂಡಗಳ ತಪಾಸಣಾ ವರದಿ ಸಿದ್ಧಪಡಿಸಿ, ಎರಡನ್ನೂ ವಾರ್ಷಿಕ ಮಹಾಸಭೆಯಲ್ಲಿ ಓದಿ. ಸಭೆಯಾದ 14 ದಿನದೊಳಗೆ ಸಮಿತಿಯ ಪಟ್ಟಿ ಮತ್ತು ಪರಿಶೋಧಿತ ಲೆಕ್ಕಪತ್ರ ನೋಂದಣಾಧಿಕಾರಿಗೆ ಸಲ್ಲಿಕೆಯಾಗಬೇಕು. ಸಂಘಗಳು ಸಾಯುವುದು ಇದೊಂದನ್ನು ಮರೆತು: ಮೊದಲು ದಂಡ, ವರ್ಷಗಟ್ಟಲೆ ಬಿಟ್ಟರೆ ನೋಂದಣಿಗೇ ಕುತ್ತು, ಅನುದಾನದ ಅರ್ಜಿ ಹಾಕಲು ಹೋದಾಗ ನವೀಕರಣದ ಪತ್ರ ಇರುವುದಿಲ್ಲ.

ಸಮಿತಿ ಬದಲಾದ ದಿನ ಹಸ್ತಾಂತರ ಪಟ್ಟಿ ಬರೆಯಿರಿ. ಮೂಲ ನೋಂದಣಿ ಪತ್ರ, ಮೊಹರು ಇರುವ ಬೈಲಾ, ಪಾನ್, ಪಾಸ್‌ಬುಕ್, ಚೆಕ್ ಪುಸ್ತಕ, ಆನ್‌ಲೈನ್ ಖಾತೆಗಳ ಪಾಸ್‌ವರ್ಡ್, ಬಳಸದ ರಸೀದಿ ಪುಸ್ತಕಗಳ ಸಂಖ್ಯೆ, ಕೀಲಿಕೈಗಳು, ದಾಸ್ತಾನು. ಹಳಬರು ಹೊಸಬರು ಇಬ್ಬರೂ ಸಹಿ ಹಾಕಿದ ಮೇಲೆಯೇ ಬ್ಯಾಂಕಿಗೆ ಹೊಸ ಸಹಿಗಳ ಠರಾವು ಹೋಗಲಿ. ಪಾಸ್‌ವರ್ಡ್‌ಗಳನ್ನು ಅದೇ ಸಂಜೆ ಬದಲಿಸಿ.